ಕೆಮ್ಮಿಲ್ಲದ ಕ್ಯಾಸೆಟ್

೮ ಜನವರಿ ೧೯೮೫, ಮಂಗಳವಾರ, ಕಾಪು

ಹೊಸ ವರ್ಷದ ಡೈರಿ ಕೈಗೆ ಬಂದು ವಾರವಾಯಿತು. ಬರೆಯಲು ಏನೂ ಇಲ್ಲವೆಂದು ಬಿಟ್ಟಿದ್ದೆ. ಇವತ್ತು ಇದೆ. ಸಿಟ್ಟು ಬಂದಾಗ ನನಗೆ ಮಾತು ಹೊರಡುವುದಿಲ್ಲ, ಕಣ್ಣಲ್ಲಿ ನೀರು ಬರುತ್ತದೆ. ಅದನ್ನು ನೋಡಿ ಎದುರಿಗಿದ್ದವರು ತಾವೇ ಗೆದ್ದೆವು ಎಂದುಕೊಳ್ಳುತ್ತಾರೆ. ಮನೆಯ ಬ್ಯಾರಿ ಭಾಷೆಯಲ್ಲಿ ಚೆನ್ನಾಗಿ ಜಗಳವಾಡಬಹುದು, ಬರೆಯಲಿಕ್ಕೆ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡವೇ ಬೇಕು.

ಮಣಿಪಾಲದ ನಮ್ಮ ಡಿಪ್ಲೊಮಾ ತರಗತಿಯಲ್ಲಿ ಹನ್ನೊಂದು ಜನ. ಹುಡುಗಿಯರು ಇಬ್ಬರು, ನಾನು ಮತ್ತು ಬೆಳ್ಮಣ್‌ನಿಂದ ಬರುವ ಕುಶಲಾ. ಕ್ಯಾಮೆರಾ ಒಂದೇ. ಸಿನಿಮಾ ಪಾಠ ಮಾಡುವ ಲಿಯೋನೆಲ್ ಸರ್ ಇವತ್ತು ಕೆಲಸ ಹಂಚಿದರು. ಹತ್ತು ನಿಮಿಷದ ಥ್ರಿಲ್ಲರ್ ಮಾಡಬೇಕು. ಭುಜಂಗ ಡೈರೆಕ್ಟರ್. ಕ್ಯಾಮೆರಾ ಅವನ ರೂಮ್‌ಮೇಟಿಗೆ. ಕುಶಲಾಳಿಗೆ ಕಂಟಿನ್ಯುಟಿ, ಎಂದರೆ ಯಾರ ಅಂಗಿಯ ಎಷ್ಟನೇ ಗುಂಡಿ ಬಿಚ್ಚಿತ್ತು ಎಂದು ಬರೆದಿಡುವುದು. ನನಗೆ ಟೇಪ್ ರೆಕಾರ್ಡರ್.

"ನನಗೆ ಕ್ಯಾಮೆರಾ ಬೇಕು ಸರ್" ಎಂದೆ.

"ಅದು ಭಾರ ಉಂಟಮ್ಮ" ಎಂದರು.

ಭಾರವಂತೆ! ಬೆಳಿಗ್ಗೆ ಎದ್ದು ಇಪ್ಪತ್ತು ಕೊಡ ನೀರು ಸೇದಿ ಬಸ್ಸು ಹತ್ತುವವಳು ನಾನು. ಭುಜಂಗನ ಮನೆಯಲ್ಲಿ ಅವನಿಗೆ ಕುಡಿಯುವ ನೀರನ್ನೂ ತಂಗಿಯೇ ತಂದುಕೊಡಬೇಕು, ಅವನೇ ಹೇಳಿಕೊಂಡಿದ್ದಾನೆ. ಎಲ್ಲರೂ ನಕ್ಕರು. ನನ್ನ ಕಣ್ಣು ತುಂಬಿತು. ಥೂ.

ಮನೆಗೆ ಬಂದರೆ ಉಮ್ಮ ಬಾಗಿಲಲ್ಲೇ, "ಇದ್ರೀಸನ ಕ್ಯಾಸೆಟ್ ಎಂತಾದರೂ ಬಂತಾ?" ಎಂದರು. ನನ್ನ ಮುಖ ನೋಡಲಿಲ್ಲ. ಅಣ್ಣ ಇದ್ರೀಸ್ ಶಾರ್ಜಾಕ್ಕೆ ಹೋಗಿ ನಾಲ್ಕು ವರ್ಷ. ಉಮ್ಮನಿಗೆ ಓದು ಬಾರದು, ಆದ್ದರಿಂದ ಅವನು ಪತ್ರ ಬರೆಯುವುದಿಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವ ಯಾರ ಕೈಯಲ್ಲಾದರೂ ಕಳಿಸುತ್ತಾನೆ. ಶುಕ್ರವಾರ ನೆರೆಯ ಹೆಂಗಸರೆಲ್ಲ ಕುಳಿತು ಕೇಳುತ್ತಾರೆ. ಆಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಉಮ್ಮನ ಉತ್ತರ ರೆಕಾರ್ಡ್ ಮಾಡಿ ವಾಪಸು ಕಳಿಸುವುದು. ಹೋದ ಸಲದ ಅಳುವಿನ ಮೇಲೆ ಈ ಸಲದ ಅಳು. ಗುಂಡಿ ಒತ್ತುವ ಕೆಲಸ ನನ್ನದು. ಅಲ್ಲಿಯೂ ಟೇಪ್ ರೆಕಾರ್ಡರ್, ಇಲ್ಲಿಯೂ ಟೇಪ್ ರೆಕಾರ್ಡರ್.

"ಹಿಂದಿನ ಸಲ ಹನ್ನೊಂದು ಸಾರಿ ಕೆಮ್ಮಿದ್ದ. ಈಗ ಹೇಗಿದ್ದಾನೋ" ಎಂದರು ಉಮ್ಮ. ಅವನ ಕೆಮ್ಮಿಗೆ ಲೆಕ್ಕ ಉಂಟು, ನನ್ನ ಗಂಟಲಿಗೆ ಯಾರೂ ದಿಕ್ಕಿಲ್ಲ.

೧೬ ಜನವರಿ, ಬುಧವಾರ

ಲಿಯೋನೆಲ್ ಸರ್ ಇವತ್ತು ಥ್ರಿಲ್ಲರಿನ ಬಗೆಗಳನ್ನು ಹೇಳಿದರು. ಕೊಂದವನು ಯಾರು ಎಂದು ಹುಡುಕುವುದು ಒಂದು. ಹೆದರಿಸುವುದು ಇನ್ನೊಂದು. ಬೆನ್ನಟ್ಟುವುದು ಮತ್ತೊಂದು. ಎಲ್ಲಕ್ಕಿಂತ ಕಷ್ಟದ್ದು ಸಸ್ಪೆನ್ಸ್ ಅಂತೆ.

"ಕಾರ್ಕಳದ ಬಸ್ಸು ಇಳಿಜಾರಿಗೆ ಬಂತು. ಬ್ರೇಕ್ ಹೋಗಿದೆ ಎಂದು ಯಾರಿಗೂ ಗೊತ್ತಿಲ್ಲ, ಬಸ್ಸು ಬಿತ್ತು. ಅದು ಬರೀ ಆಕ್ಸಿಡೆಂಟ್ ಮಾರಾಯ್ರೆ. ಬ್ರೇಕ್ ಇಲ್ಲ ಎಂದು ನೋಡುವವನಿಗೆ ಮೊದಲೇ ಗೊತ್ತುಂಟು, ಒಳಗೆ ಕಂಡಕ್ಟರ್ ಚಿಲ್ಲರೆಗೆ ಜಗಳ ಮಾಡ್ತಾ ಇದ್ದಾನೆ. ಈಗ ನೋಡಿ, ಆ ಚಿಲ್ಲರೆ ಜಗಳವನ್ನು ಕೂಡ ಉಸಿರು ಹಿಡಿದು ನೋಡ್ತೀರಿ."

ಮಾತು ಸರಿಯಾಗಿಯೇ ಇತ್ತು. ಒಪ್ಪಿಕೊಳ್ಳಲು ಇಷ್ಟವಾಗಲಿಲ್ಲ. ಕ್ಯಾಮೆರಾ ಕೊಡದ ಮನುಷ್ಯ ಇಷ್ಟು ಚೆನ್ನಾಗಿ ಪಾಠ ಮಾಡಬಾರದಿತ್ತು.

೨೭ ಜನವರಿ, ಭಾನುವಾರ

ಬೆಳ್ಮಣ್‌ನಲ್ಲಿ ಶೂಟಿಂಗ್. ಕುಶಲಾಳ ಮನೆಯ ಹತ್ತಿರದ ರಸ್ತೆಯಲ್ಲಿ ಕೊಲೆಗಾರ ಓಡಬೇಕು. ಕೊಲೆಗಾರನ ಪಾತ್ರಕ್ಕೆ ಭುಜಂಗ ಪಂಚೆ ಉಟ್ಟಿದ್ದ. ಮೊದಲ ಶಾಟ್‌ನಲ್ಲಿ ಪಂಚೆ ಕೆಳಗಿತ್ತು. ಎರಡನೆಯದಕ್ಕೆ ಮೊಣಕಾಲಿಗೆ ಎತ್ತಿ ಕಟ್ಟಿದ್ದ. ಮೂರನೆಯದಕ್ಕೆ ಎದುರಿನಿಂದ ಊರಿನ ಹಿರಿಯರೊಬ್ಬರು ಬಂದರು. ಕೊಲೆಗಾರ ಓಡುತ್ತಲೇ ಪಂಚೆ ಇಳಿಸಿ ಮರ್ಯಾದೆ ಕೊಟ್ಟ! ಕುಶಲಾ ಎಲ್ಲವನ್ನೂ ಬರೆದುಕೊಂಡು ಮೂರು ಸಲ ಹೇಳಿದಳು. "ಅದೆಲ್ಲ ಯಾರಿಗೆ ಕಾಣ್ತದೆ?" ಎಂದು ಭುಜಂಗ ಗದರಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕುಣಿಯಲೂ ಬಾರದೆ ನೆಲವನ್ನೂ ನೋಡದವನು.

ನಾನು ಹೆಡ್‌ಫೋನ್ ಹಾಕಿಕೊಂಡು ಅವನ ಏದುಸಿರು ರೆಕಾರ್ಡ್ ಮಾಡಿದೆ. ಕಿವಿಗೆ ಅದೊಂದು ಬಿದ್ದ ಮೇಲೆ ಬೇರೆಯದೂ ಬೀಳತೊಡಗಿತು. ದೂರದ ಪಂಪು, ತೆಂಗಿನ ಗರಿ, ಯಾರದೋ ಚಪ್ಪಲಿ. ಇದು ಚೆನ್ನಾಗಿದೆ ಎಂದು ಯಾರಿಗೂ ಹೇಳುವುದಿಲ್ಲ.

೧ ಫೆಬ್ರವರಿ, ಶುಕ್ರವಾರ

ತೆಗೆದ ಶಾಟ್‌ಗಳ ರಶ್ ನೋಡಿ ಲಿಯೋನೆಲ್ ಸರ್ ಪಂಚೆಯನ್ನು ಎಣಿಸಿದರು. "ಏಳು ಸಲ ಮೇಲೆ ಕೆಳಗೆ ಆಗಿದೆ ಭುಜಂಗ. ಕೊಲೆಗಾರನನ್ನು ಬಿಟ್ಟು ನಾನು ಪಂಚೆಯನ್ನೇ ನೋಡಿದೆ" ಎಂದರು. ನನಗೆ ಹೊಟ್ಟೆ ತಣ್ಣಗಾಯಿತು.

ಆಮೇಲೆ ಯಾರಿಗಾದರೂ ಬೇರೆ ಕಥೆ ಉಂಟಾ ಎಂದು ಕೇಳಿದರು. ನಾನು ನನ್ನದನ್ನು ಓದಿದೆ. ಒಂದು ಮನೆಗೆ ಟೆಲಿಗ್ರಾಂ ಬರುತ್ತದೆ. ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಓದಬಲ್ಲವರಿಲ್ಲ. ನಾವು ಓದುತ್ತೇವೆ, ಮಗ ತೀರಿಕೊಂಡಿದ್ದಾನೆ. ಅವರಿಗೆ ಮಗ ಬರುತ್ತಾನೆಂಬ ಸುದ್ದಿ ಎಂದೇ ನಂಬಿಕೆ. ತಾಯಿ ಪೋಸ್ಟ್‌ಮ್ಯಾನಿಗೆ ಬೆಲ್ಲ ಕೊಡುತ್ತಾಳೆ, ಅಂಗಳ ಗುಡಿಸುತ್ತಾಳೆ. ಅಷ್ಟೇ ಕಥೆ. ಚಾಕು ಇಲ್ಲ, ಓಟ ಇಲ್ಲ.

"ಇದನ್ನು ನೀನೇ ಮಾಡು ಮುನೀರಾ. ಹದಿನೆಂಟನೇ ತಾರೀಕಿನಿಂದ ಎರಡು ದಿನ ಕ್ಯಾಮೆರಾ ನಿನ್ನದು" ಎಂದರು ಸರ್.

ನನ್ನದು! ಬಸ್ಸಿನಲ್ಲಿ ಕಾಪುವಿನವರೆಗೆ ನಿಂತೇ ಬಂದೆ, ಕಾಲು ನೋಯಲಿಲ್ಲ.

೪ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಹಸೈನಾರ್ ಕಾಕ ಸಿಕ್ಕಿದರು. ನಮ್ಮೂರಿನವರು, ಅಬುಧಾಬಿಯಲ್ಲಿರುವವರು, ರಜೆಯಲ್ಲಿ ಬಂದಿದ್ದಾರೆ. ಅಣ್ಣನ ಕ್ಯಾಸೆಟ್ ಅವರ ಕೈಗೆ ಮೂರು ಜನ ದಾಟಿ ಬಂದದ್ದಂತೆ. "ನಾನು ಅವನನ್ನು ಕಾಣಲಿಲ್ಲ ಮೋಳೇ. ಉಮ್ಮನಿಗೆ ಕೊಡು. ಇಪ್ಪತ್ತನಾಲ್ಕಕ್ಕೆ ಬೊಂಬಾಯಿ ಬಸ್ಸು, ಅಷ್ಟರೊಳಗೆ ಉತ್ತರ ಮಾಡಿ ಇಡಿ" ಎಂದರು.

ಮಧ್ಯಾಹ್ನ ಕಾಲೇಜಿನ ಸೌಂಡ್ ರೂಮಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿದೆ. ಸಲಾಂ, ಕುಶಲ, ಗೋಡೌನಿನ ಕೆಲಸ, ಸಿಮೆಂಟಿನ ಧೂಳು. ಆಮೇಲೆ:

"ಉಮ್ಮ, ಮುನೀರಾ ಗಂಡುಹುಡುಗರ ಜೊತೆ ಕ್ಯಾಮೆರಾ ಹಿಡಿದು ಸುತ್ತುತ್ತಾಳೆ ಅಂತ ಇಲ್ಲಿಯವರೆಗೂ ಮಾತು ಬಂದಿದೆ. ನನಗೆ ತಲೆ ಎತ್ತಲಿಕ್ಕೆ ಆಗುವುದಿಲ್ಲ. ಕಾಲೇಜು ಇವತ್ತಿಗೇ ಸಾಕು. ಪರೀಕ್ಷೆಯೂ ಬೇಡ. ಈ ಕ್ಯಾಸೆಟ್ ಕೇಳಿದ ದಿನದಿಂದ ಅವಳು ಮನೆಯಲ್ಲಿರಲಿ."

ಇವತ್ತಿಗೇ ಸಾಕಂತೆ. ಎರಡು ಸಾವಿರ ಕಿಲೋಮೀಟರ್ ಆಚೆ ಕುಳಿತವನಿಗೆ ತಲೆ ಎತ್ತಲಾಗುವುದಿಲ್ಲ, ಅದಕ್ಕೆ ನಾನು ಇಲ್ಲಿ ತಲೆ ತಗ್ಗಿಸಬೇಕು. ಅವನ ಮಾತೆಂದರೆ ಉಮ್ಮನಿಗೆ ಅಲ್ಲಾಹನ ನಂತರದ ಮಾತು. ಉಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವನು ಇಲ್ಲದೆಯೂ ಅವನೇ ಇರುವುದು. ಒಂದು ಮಾತು ನನ್ನನ್ನು ಕೇಳಿದನೇ? ಕ್ಯಾಮೆರಾ ನಾನು ಇನ್ನೂ ಮುಟ್ಟಿಯೂ ಇಲ್ಲ!

ಇನ್ನು ಈ ಪುಸ್ತಕದಲ್ಲಿ ಅವನನ್ನು ಅಣ್ಣ ಎಂದು ಬರೆಯುವುದಿಲ್ಲ. ಇದ್ರೀಸ್. ಅಷ್ಟೇ.

ಉಮ್ಮನಿಗೆ ಕ್ಯಾಸೆಟ್ ಬಂದ ವಿಷಯ ಹೇಳಿಲ್ಲ.

೬ ಫೆಬ್ರವರಿ, ಬುಧವಾರ

ಮಾಡಿದೆ.

ಸೌಂಡ್ ರೂಮಿನಲ್ಲಿ ಎರಡು ಕ್ಯಾಸೆಟ್ ಡೆಕ್ ಇವೆ. ಒಂದರಲ್ಲಿ ಇದ್ರೀಸ್ ಮಾತಾಡುತ್ತಾನೆ, ಇನ್ನೊಂದು ಬರೆದುಕೊಳ್ಳುತ್ತದೆ. ಬೇಡದ ಕಡೆ ತಡೆದು ನಿಲ್ಲಿಸಲು ಪಾಜ್ ಗುಂಡಿ. ಕಾಲೇಜಿನ ಮಾತನ್ನು ತೆಗೆಯುವುದು ಸುಲಭ ಎಂದುಕೊಂಡಿದ್ದೆ. ಆದರೆ ಆ ಮಾತಿನ ಕೊನೆಗೆ ಅವನಿಗೆ ಕೆಮ್ಮು ಹತ್ತಿದೆ. ಕತ್ತರಿಸಿದಲ್ಲಿ ಅರ್ಧ ಕೆಮ್ಮು ಉಳಿಯಿತು. ಅರ್ಧ ಕೆಮ್ಮು ಎಂದರೆ ಕಳ್ಳನ ಹೆಜ್ಜೆಗುರುತು, ಯಾರಿಗಾದರೂ ಗೊತ್ತಾಗುತ್ತದೆ. ಅದನ್ನೂ ತೆಗೆದೆ. ಕೆಮ್ಮು ಅಲ್ಲಿ ಇಲ್ಲದೆ ಬೇರೆ ಕಡೆ ಇದ್ದರೆ ಧ್ವನಿ ಒಂದೊಂದು ಕಡೆ ಒಂದೊಂದು ತರ ಕೇಳಿಸಿತು. ಎಲ್ಲವನ್ನೂ ತೆಗೆದೆ. ಒಟ್ಟು ಹತ್ತೊಂಬತ್ತು. ಎರಡು ದಿನದ ಊಟದ ಬಿಡುವು ಹಿಡಿಯಿತು.

ಮೂಲ ಟೇಪಿಗೆ ಯಾವತ್ತೂ ಕೈ ಹಾಕಬಾರದು ಎಂದು ಸರ್ ಕಲಿಸಿದ್ದಾರೆ. ಆದರೆ ಅದರ ಮೇಲೆ ಇದ್ರೀಸನ ಕೈಬರಹದ ಚೀಟಿ ಇದೆ, ಉಮ್ಮ ಅದನ್ನು ಮುಟ್ಟಿ ನೋಡುತ್ತಾರೆ. ಬೇರೆ ಕ್ಯಾಸೆಟ್ ಕೊಟ್ಟರೆ ಸಿಕ್ಕಿಬೀಳುತ್ತೇನೆ. ಆದ್ದರಿಂದ ಕತ್ತರಿಸಿದ್ದನ್ನು ಮೂಲದ ಮೇಲೆಯೇ ವಾಪಸು ರೆಕಾರ್ಡ್ ಮಾಡಿ, ಕೊನೆಯಲ್ಲಿ ಉಳಿದದ್ದನ್ನು ಅಳಿಸಿದೆ. ಒಂದು ಬೆಸುಗೆಯೂ ಕೇಳಿಸುವುದಿಲ್ಲ. ತರಗತಿಯ ಒಂಬತ್ತು ಗಂಡಸರಲ್ಲಿ ಒಬ್ಬನಿಗೆ ಈ ಕೆಲಸ ಬರಲಿ ನೋಡೋಣ.

೮ ಫೆಬ್ರವರಿ, ಶುಕ್ರವಾರ

ಜುಮಾ ಮುಗಿದ ಮೇಲೆ ಹಾಕಿದೆ. ಪಡಸಾಲೆಯಲ್ಲಿ ಏಳೆಂಟು ಹೆಂಗಸರು. ಕಾಲೇಜಿನ ಮಾತು ಇದ್ದ ಜಾಗ ಬಂತು, ಹೋಯಿತು. ಯಾರೂ ತಲೆ ಎತ್ತಲಿಲ್ಲ.

ಉಮ್ಮ ಮಾತ್ರ ಎತ್ತಿದರು. ಮುಗಿಯುವವರೆಗೆ ಹಾಗೆಯೇ ಕುಳಿತಿದ್ದರು. ಆಮೇಲೆ ಎರಡೂ ಕೈ ಎತ್ತಿ, "ಅಲ್‌ಹಮ್ದುಲಿಲ್ಲಾ" ಎಂದು ಅತ್ತರು.

"ಎಂತ ಸಫಿಯಮ್ಮ?" ಎಂದು ನೆರೆಯ ಮೆಹರುನ್ನಿಸಾ ಕೇಳಿದರು.

"ಕೇಳಲಿಲ್ವಾ ನೀನು? ಒಂದು ಕೆಮ್ಮು ಇಲ್ಲ! ನನ್ನ ಮಗನಿಗೆ ಗುಣ ಆಯಿತು."

ಹೆಂಗಸರೆಲ್ಲ ಉಮ್ಮನ ಕೈ ಹಿಡಿದರು. ನಾನು ಚಹಾ ಮಾಡಲು ಎದ್ದೆ.

೯ ಫೆಬ್ರವರಿ, ಶನಿವಾರ

ಒಳ್ಳೆಯದೇ ಆಯಿತು. ಉಮ್ಮನಿಗೆ ನಿದ್ರೆ ಬಂದಿದೆ. ಕೆಮ್ಮು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಇದ್ರೀಸನದ್ದೂ ಈಗಾಗಲೇ ಹೋಗಿರಬಹುದು.

೧೪ ಫೆಬ್ರವರಿ, ಗುರುವಾರ

ಚಿತ್ರವಿಲ್ಲದೆ ಬರೀ ಶಬ್ದದಲ್ಲಿ ಎರಡು ನಿಮಿಷದ ಸಸ್ಪೆನ್ಸ್ ಮಾಡಿ ತರಬೇಕಿತ್ತು. ಒಂಟಿ ಮನೆಯೊಳಗೆ ಯಾರೋ ಕಾಲಿಡುವುದನ್ನು ಮಾಡಿದೆ. ಬಾಗಿಲು, ಹೆಜ್ಜೆ, ಪಾತ್ರೆ. ಸರ್ರನೆ ಗೀರುವ ಒಂದು ಸದ್ದೂ ಇಲ್ಲ.

ಲಿಯೋನೆಲ್ ಸರ್ ಕಣ್ಣು ಮುಚ್ಚಿ ಕೇಳಿದರು. "ಕೆಲಸ ಚೊಕ್ಕ ಉಂಟು. ಆದರೆ ಒಳಗೆ ಮನುಷ್ಯನೇ ಇಲ್ಲ ಅಲ್ವಾ? ಅವನ ಉಸಿರು, ಗಂಟಲು ಎಲ್ಲ ಎಲ್ಲಿ ಹೋಯಿತು? ಅದನ್ನೆಲ್ಲ ಕಸ ಅಂತ ಗುಡಿಸಿದ್ದೀಯಾ?"

"ಹೌದು ಸರ್, ಅದು ನಾಯ್ಸ್."

"ನಾಯ್ಸ್ ಅಲ್ಲಮ್ಮ. ಅವನು ಇದ್ದಾನೆ ಅಂತ ನಮಗೆ ಗೊತ್ತಾಗುವುದೇ ಅದರಿಂದ."

ಎಲ್ಲರ ಎದುರು ಹೇಳಬೇಕಿತ್ತೇ? ಭುಜಂಗ ಹಲ್ಲು ಕಿಸಿದ. ಏಳು ಸಲ ಪಂಚೆ ಎತ್ತಿದವನು ನನ್ನನ್ನು ನೋಡಿ ನಗುವ ಹಾಗಾಯಿತು. ನನ್ನ ಸಿಟ್ಟಿಗೆ ಮಣಿಪಾಲದ ಬೆಟ್ಟ ಸಾಲದು.

೧೯ ಫೆಬ್ರವರಿ, ಮಂಗಳವಾರ

ಎರಡು ದಿನ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಇನ್ನಂಜೆಯಲ್ಲಿ ಒಂದು ಮನೆ ಸಿಕ್ಕಿತು. ಕುಶಲಾ ತಾಯಿಯ ಪಾತ್ರ ಮಾಡಿದಳು. ಪೋಸ್ಟ್‌ಮ್ಯಾನ್ ಆಗಲು ಬೇರೆ ಯಾರೂ ಸಿಗದೆ ಭುಜಂಗನನ್ನೇ ಕರೆದೆ, ಪ್ಯಾಂಟ್ ಹಾಕಿಸಿದೆ. ಭಾರವೇನೂ ಇರಲಿಲ್ಲ. ಬೆಲ್ಲ ಕೊಡುವ ಶಾಟ್‌ನಲ್ಲಿ ಕುಶಲಾ ನಕ್ಕ ರೀತಿ ನೋಡಿ ಲಿಯೋನೆಲ್ ಸರ್ ಮುಖ ತಿರುಗಿಸಿಕೊಂಡರು. ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ. ನನಗೆ ಮಾತ್ರ ಸಂತೋಷ ಏಕೋ ಒಳಗೆ ಇಳಿಯಲಿಲ್ಲ. ಬಿಸಿಲಿಗೆ ಇರಬೇಕು.

ಸಂಜೆ ಮನೆಗೆ ಬಂದರೆ ಉಮ್ಮ ದರ್ಗಾಕ್ಕೆ ಹೋಗಿ ಹರಕೆ ತೀರಿಸಿ ಬಂದಿದ್ದರು. ಮಗನ ಕೆಮ್ಮು ಹೋಗಲೆಂದು ಹೊತ್ತ ಹರಕೆ. ಮನೆಮನೆಗೆ ಸಕ್ಕರೆ ಹಂಚುತ್ತಿದ್ದರು. ನನ್ನ ಬಾಯಿಗೂ ಹಾಕಿದರು. "ಇನ್ನು ನನಗೆ ಹೆದರಿಕೆ ಇಲ್ಲ ಮೋಳೇ. ಈ ಸಲವೂ ಕೆಮ್ಮಿದರೆ ಎಲ್ಲ ಬಿಟ್ಟು ಬಾ ಅಂತ ಹೇಳಲಿಕ್ಕೆ ಇದ್ದೆ. ಈಗ ಯಾಕೆ? ಇನ್ನೂ ಎರಡು ವರ್ಷ ಇರು ಅಂತ ಹೇಳ್ತೇನೆ."

ಸಕ್ಕರೆಯನ್ನು ಬಾವಿಕಟ್ಟೆಯ ಹಿಂದೆ ಹೋಗಿ ಉಗುಳಿದೆ.

೨೦ ಫೆಬ್ರವರಿ, ಬುಧವಾರ

ಕಾಲೇಜಿಗೆ ಹೋಗಿ ಇದ್ದಬದ್ದ ಕ್ಯಾಸೆಟ್ಟುಗಳನ್ನೆಲ್ಲ ಹುಡುಕಿದೆ. ನಾನು ಕೆಲಸಕ್ಕೆ ಬಳಸಿದ್ದರಲ್ಲಿ ಕತ್ತರಿಸಿದ ಮೇಲಿನದ್ದು ಮಾತ್ರ ಇದೆ. ತೆಗೆದದ್ದು ಎಲ್ಲಿಯೂ ಇಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು, ಆದರೂ ಹುಡುಕಿದೆ. ಅವನ ಮೇಲೆ ಸಿಟ್ಟು. ಕಾಲೇಜು ಬಿಡು ಎನ್ನುವಾಗಲೇ ಕೆಮ್ಮಬೇಕಿತ್ತೇ? ಉಮ್ಮನ ಮೇಲೂ ಸಿಟ್ಟು. ಕೆಮ್ಮನ್ನು ಯಾರಾದರೂ ಎಣಿಸುತ್ತಾರೆಯೇ?

೨೧ ಫೆಬ್ರವರಿ, ಗುರುವಾರ

ಹೋಗಲಿಲ್ಲ. ತಲೆನೋವು ಎಂದೆ.

೨೨ ಫೆಬ್ರವರಿ, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಜುಮಾದ ನಂತರ ಉಮ್ಮ ಉತ್ತರ ಹೇಳಲು ಕುಳಿತರು. ನಾನು ಎರಡೂ ಗುಂಡಿ ಒತ್ತಿದೆ. ಉಮ್ಮ ಸಲಾಂ ಹೇಳಿದರು. ಮೀನು ಸಿಗುತ್ತಿಲ್ಲ ಎಂದರು, ಗೋಡೆಗೆ ಸುಣ್ಣ ಆಯಿತು ಎಂದರು. "ನಿನ್ನ ಕೆಮ್ಮು ಹೋದದ್ದು ಕೇಳಿ ಜೀವ ಬಂತು ಮಗಾ. ಹರಕೆ ಕೊಟ್ಟೆ. ಇನ್ನು ಊರಿಗೆ ಬರುವ ಅವಸರ ಬೇಡ..."

ನಾನು ಟೇಪ್ ನಿಲ್ಲಿಸಿದೆ.

"ಎಂತ? ಬ್ಯಾಟರಿ ಹೋಯಿತಾ?"

"ಕೆಮ್ಮು ಹೋಗಲಿಲ್ಲ ಉಮ್ಮ. ನಾನು ತೆಗೆದದ್ದು."

ಅರ್ಥವಾಗಲಿಲ್ಲ. ಎರಡು ಸಲ ಹೇಳಬೇಕಾಯಿತು. ಎರಡು ಡೆಕ್, ಪಾಜ್ ಗುಂಡಿ, ನನ್ನ ಕಾಲೇಜು ಬೇಡ ಎಂದ ಮಾತು, ಎಲ್ಲ. ಉಮ್ಮ ನನ್ನ ಬೆರಳುಗಳನ್ನು ನೋಡುತ್ತಿದ್ದರು.

"ಆ ಕೆಮ್ಮನ್ನು ಎಲ್ಲಿ ಹಾಕಿದೆ?"

"ಇಲ್ಲ ಉಮ್ಮ. ಅಳಿಸಿ ಹೋಗಿದೆ."

"ಬೇರೆ ಎಂತ ತೆಗೆದೆ?"

ಒಂದು ಮಾತಿದೆ. ಅದನ್ನು ಈ ಡೈರಿಯಲ್ಲೂ ಬರೆದಿರಲಿಲ್ಲ. ಟೇಪಿನ ಕೊನೆಯಲ್ಲಿ, ಕೆಮ್ಮಿ ಕೆಮ್ಮಿ ಸಾಕಾದ ಮೇಲೆ, ಅಣ್ಣ ಹೇಳಿದ್ದ: "ಉಮ್ಮ, ನೀನು ಬಾ ಅಂದರೆ ನಾನು ಬಂದು ಬಿಡುತ್ತೇನೆ." ಆ ಮಾತಿಗೂ ಕೆಮ್ಮು ಅಂಟಿಕೊಂಡಿತ್ತು, ಬಿಡಿಸಲು ಆಗುತ್ತಿರಲಿಲ್ಲ, ಅದಕ್ಕೆ ತೆಗೆದೆ. ಇದು ಅರ್ಧ ಸತ್ಯ. ಅವನು ಬಂದರೆ ನನ್ನ ಕಾಲೇಜು ಮುಗಿಯುತ್ತದೆ ಎಂದು ಗೊತ್ತಿತ್ತು. ಅದಕ್ಕೂ ತೆಗೆದೆ.

ಅದನ್ನೂ ಹೇಳಿದೆ. ಉಮ್ಮ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಹೇಗೆ ಕೆಮ್ಮಿದ?"

"ಜೋರಾಗಿ."

"ಜೋರಾಗಿ ಅಂದರೆ ಎಂತ? ಕೆಮ್ಮಿ ತೋರಿಸು."

ನಾನು ಅಳುತ್ತಿದ್ದೆ. ಉಮ್ಮ ಕಾದರು. ಹತ್ತೊಂಬತ್ತು ಕೆಮ್ಮನ್ನು ಒಂದೊಂದಾಗಿ ಹತ್ತು ಹತ್ತು ಸಲ ಕೇಳಿ ಕತ್ತರಿಸಿದವಳು ನಾನು, ನನಗೆ ಒಂದೂ ಮರೆತಿಲ್ಲ. ಮೂರು ಒಣ ಕೆಮ್ಮು, ಆಮೇಲೆ ಉಸಿರು ಒಳಗೆ ಎಳೆಯುವಾಗ ಕೀರಲು ಸದ್ದು, ಮತ್ತೆ ಎರಡು. ಕೆಮ್ಮಿದೆ.

"ಹೋದ ಸಲ ಈ ಕೀರಲು ಇರಲಿಲ್ಲ" ಎಂದರು ಉಮ್ಮ. "ಇನ್ನೊಮ್ಮೆ."

ಇನ್ನೊಮ್ಮೆ ಕೆಮ್ಮಿದೆ. ಮತ್ತೊಮ್ಮೆ. ಗಂಟಲು ಕೆರೆದು ನೋಯುವವರೆಗೆ ಕೆಮ್ಮಿಸಿದರು. ಉಮ್ಮ ಕಣ್ಣು ಮುಚ್ಚಿ, ನನ್ನ ಬೆನ್ನ ಮೇಲೆ ಕೈ ಇಟ್ಟು ಕೇಳಿದರು. ಆ ಕೈ ನನಗಾಗಿ ಇಟ್ಟದ್ದಲ್ಲ ಎಂದು ಗೊತ್ತಿದೆ.

ಆಮೇಲೆ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಲು ಹೇಳಿದರು. ಈ ಸಲ ಗುಂಡಿಯನ್ನು ತಾವೇ ಒತ್ತಿದರು. ಇಷ್ಟು ವರ್ಷ ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

"ಇದ್ರೀಸ್, ನಿನ್ನ ಉಮ್ಮ. ಬಾ. ಇದು ಕೇಳಿದ ದಿನವೇ ಹೇಳಿ ಹೊರಡು. ದುಡಿದದ್ದು ಸಾಕು. ಮುನೀರಾಳ ಕಾಲೇಜು ಬೇಡ ಅಂತ ನಿನಗೆ ಇದ್ದರೆ ಇಲ್ಲಿ ಬಂದು ಅವಳ ಮುಖ ನೋಡಿ ಹೇಳು. ಅಲ್ಲಿಂದ ಹೇಳಬೇಡ. ಅಷ್ಟರವರೆಗೆ ಅವಳು ಹೋಗ್ತಾಳೆ."

ಒಂದು ನಿಮಿಷವೂ ಆಗಲಿಲ್ಲ. ಉಮ್ಮ ಅಳಲಿಲ್ಲ.

೨೪ ಫೆಬ್ರವರಿ, ಭಾನುವಾರ

ಶುಕ್ರವಾರದಿಂದ ಉಮ್ಮ ನನ್ನೊಡನೆ ಮಾತಾಡಿಲ್ಲ. ಊಟ ಬಡಿಸಿ ಇಡುತ್ತಾರೆ, ಕರೆಯುವುದಿಲ್ಲ. ನಿನ್ನೆ ಸಂಜೆ ಸಕ್ಕರೆ ಹಂಚಿದ ಮನೆಗಳಿಗೆಲ್ಲ ಮತ್ತೆ ಹೋಗಿ, ಮಗನಿಗೆ ಗುಣ ಆಗಿಲ್ಲ, ದುವಾ ಮಾಡಿ ಎಂದು ಹೇಳಿ ಬಂದರು. ಹೇಗೆ ಗೊತ್ತಾಯಿತು ಎಂದು ಕೇಳಿದವರಿಗೆ, "ನನಗೆ ಸರಿಯಾಗಿ ಕೇಳಲಿಲ್ಲ" ಎಂದರಂತೆ. ಮೆಹರುನ್ನಿಸಾ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಇವತ್ತು ಬೆಳಿಗ್ಗೆ ಹಸೈನಾರ್ ಕಾಕ ಹೊರಡುವ ಮೊದಲು ಕ್ಯಾಸೆಟ್ ಕೊಡಬೇಕಿತ್ತು. ನಾನು ಚಪ್ಪಲಿ ಮೆಟ್ಟುವಾಗ ಉಮ್ಮ ಟೇಪ್ ರೆಕಾರ್ಡರನ್ನು ತಂದು ನನ್ನ ಎದುರಿಗಿಟ್ಟರು. ಕ್ಯಾಸೆಟ್ ಮಗುಚಿ ಹಾಕಿದ್ದರು. ಆ ಬದಿ ಖಾಲಿ. ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡರು.

ನಾನು ಗುಂಡಿ ಒತ್ತಿದೆ. ಟೇಪ್ ತಿರುಗಿತು. ಯಾವಾಗಿನಂತೆ ಕಣ್ಣು ಮೊದಲು ತುಂಬಿತು, ಮಾತು ಬರಲಿಲ್ಲ. ಮೂಗು ಎಳೆದದ್ದು, ಗಂಟಲು ಸರಿಮಾಡಿಕೊಂಡದ್ದು ಎಲ್ಲ ಅದರಲ್ಲಿ ಬಿದ್ದಿದೆ. ಅಳಿಸಿ ಮೊದಲಿನಿಂದ ಹೇಳಬಹುದಿತ್ತು. ಅಳಿಸಲಿಲ್ಲ.

"ಅಣ್ಣಾ, ಮುನೀರಾ. ನಿನ್ನ ಮಾತು ಉಮ್ಮನಿಗೆ ಸಿಗದ ಹಾಗೆ ಕತ್ತರಿಸಿದವಳು ನಾನು. ಸಿಟ್ಟಿನಲ್ಲಿ ಕತ್ತರಿಸಿದೆ. ಆ ಸಿಟ್ಟು ಈಗಲೂ ಉಂಟು. ನೀನು ಬಾ."